ಸಹಾಯ ಬೇಕು: ಅವ್ವನ ವಸಡಿಗೆ ಚಿಕಿತ್ಸೆ ಕೊಡಿಸೋದಾ, ಪೂರ್ತಿ ಹಲ್ಲಿನ ಸೆಟ್ ಹಾಕಿಸೋದಾ?

ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೀತಿದೀನಿ. ಅವ್ವನಿಗೆ 61 ವರ್ಷ, ಶುಗರ್ ಇದೆ. ವಸಡಲ್ಲಿ ರಕ್ತ, ಕೀವು. ಕೆಳಗಿನ ಮುಂದಿನ ಹಲ್ಲು ಅಲ್ಲಾಡ್ತಿವೆ. ದವಡೆ ಹಲ್ಲು ಇನ್ನೂ ಗಟ್ಟಿ. ಕ್ಲೀನಿಂಗ್ ಮಾಡಿಸಿದ್ವಿ, ಕೀವು ಮತ್ತೆ ಬಂತು. ಒಬ್ಬ ಡಾಕ್ಟರು ಮೊದಲು ಶುಗರ್ ಹತೋಟಿಗೆ ಬರಲಿ, ಆಮೇಲೆ ಬೇರಿನವರೆಗೂ ಡೀಪ್ ಕ್ಲೀನಿಂಗ್, ಬೇಕಾದ್ರೆ ಫ್ಲಾಪ್ ಸರ್ಜರಿ (ವಸಡು ಬಿಡಿಸಿ ಒಳಗೆ ಕ್ಲೀನ್ ಮಾಡಿ ಹೊಲಿಗೆ ಹಾಕೋದು) ಅಂತಾರೆ. ಇನ್ನೊಬ್ಬರು ಎಲ್ಲಾ ಕೀಳಿಸಿ ಸೆಟ್ ಹಾಕಿಸಿ ಅಂತಾರೆ. ಆದ್ರೆ ಹಲ್ಲು ಕಿತ್ತ ಮೇಲೆ ದವಡೆ ಮೂಳೆ ಸವೀತಾ ಹೋಗುತ್ತೆ, ಕೆಳಗಿನ ಸೆಟ್ ಬೇಗ ಸಡಿಲ ಆಗುತ್ತೆ. ರೊಟ್ಟಿ ಇಲ್ಲದೆ ಅವ್ವನಿಗೆ ಊಟ ಸೇರಲ್ಲ. ಗಟ್ಟಿ ಹಲ್ಲನ್ನೂ ಕೀಳಿಸೋಕೆ ನನಗೆ ಮನಸ್ಸೇ ಬರ್ತಿಲ್ಲ.

ಶುಗರ್ ಇದ್ದೂ ಫ್ಲಾಪ್ ಸರ್ಜರಿ ಮಾಡಿಸಿದೋರು ಇದೀರಾ, ಹಲ್ಲು ಉಳಿದ್ವಾ? ಅಲ್ಲಾಡೋ ಹಲ್ಲು ಮಾತ್ರ ತೆಗೆಸಿ, ಅಷ್ಟಕ್ಕೇ ಸೆಟ್ ಹಾಕಿಸಿದ್ರೆ ಆಗುತ್ತಾ?