ಮಾತ್ರೆ ನುಂಗಿದ ಮೇಲೆ ಉಳಿಯುವ ದಿನ

ಮುಂಜಾವು:
ಎಚ್‌ಐವಿ ಇರುವ ಗೇ ಗೆಳೆಯರಿಗೆ ಒಂದು ಪ್ರಶ್ನೆ. ಎಆರ್‌ಟಿ (ವೈರಸ್ ಹತ್ತಿಕ್ಕುವ ಮಾತ್ರೆ) ತಪ್ಪುತ್ತಿಲ್ಲ, ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಇಳಿದಿದೆ. ದೇಹ ಸುಧಾರಿಸಿದರೂ ಮನಸ್ಸು ‘ಯಾತಕ್ಕೆ?’ ಅಂತಲೇ ಕೂತಿರುತ್ತೆ. ಆಗ ದಿನ ತುಂಬೋದು ಹೇಗೆ? ಮಾಡಿ ನೋಡುವಂಥದ್ದು ಹೇಳಿ.

ಹೊಸಿಲು:
ಮಾತ್ರೆಯ ಹೊತ್ತಿನಿಂದಲೇ ಶುರು ಮಾಡಿ. ಅಲಾರಂ ಹೊಡೆದಾಗ ಸುಮ್ಮನೆ ನುಂಗಿದರೆ ದಿನಕ್ಕೊಮ್ಮೆ ಕಾಯಿಲೆ ನೆನಪಾಗುತ್ತೆ, ಅಷ್ಟೇ. ಗಿಡಕ್ಕೆ ನೀರು ಹಾಕೋದು, ಡೈರಿಯಲ್ಲಿ ನಾಲ್ಕು ಸಾಲು ಬರೆಯೋದು, ಹೀಗೆ ನಿಮಗಿಷ್ಟವಾದ ಹತ್ತು ನಿಮಿಷದ ಕೆಲಸದ ಜೊತೆ ಅದನ್ನು ಸೇರಿಸಿ. ಏಳು ಖಾನೆಯ ಡಬ್ಬಿ ನೀರಿನ ಚೊಂಬಿನ ಪಕ್ಕದಲ್ಲೇ ಇರಲಿ. ಇವತ್ತಿನ ಖಾನೆ ಖಾಲಿಯಾಗಿದ್ದರೆ ‘ತಗೊಂಡೆನಾ?’ ಅನ್ನೋ ಗೊಂದಲವಿಲ್ಲ. ನಿಮ್ಮ ಎಚ್‌ಐವಿ ಮಾತ್ರೆ ಡೊಲುಟೆಗ್ರಾವಿರ್ ಆದರೆ, ಅದನ್ನು ಆಂಟಾಸಿಡ್‌ಗಿಂತ (ಎದೆಯುರಿ, ಆಸಿಡಿಟಿಯ ಔಷಧಿ) 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ತಗೊಳ್ಳಿ. ಅದರಲ್ಲಿರುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಈ ಔಷಧಿಗೆ ಅಂಟಿಕೊಂಡು ರಕ್ತ ಸೇರೋಕೆ ಬಿಡಲ್ಲ. ಕೆಲವರಿಗೆ ಇದು ನಿದ್ದೆಯನ್ನೂ ಕೆಡಿಸುತ್ತೆ. ಎಫಾವಿರೆಂಜ್ ಅನ್ನೋ ಇನ್ನೊಂದು ಎಚ್‌ಐವಿ ಔಷಧಿ ಕೆಲವರ ಮನಸ್ಸನ್ನೇ ಕುಗ್ಗಿಸುತ್ತೆ. ಹಾಗಾಗಿ ‘ಯಾತಕ್ಕೆ’ ಎರಡು ವಾರ ಬಿಡದಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ತಂಗಾಳಿ:
ಎಷ್ಟೋ ಜನ ಸೋಂಕು ಹರಡೀತೆಂದು ಪ್ರೀತಿಯನ್ನೇ ಬಿಟ್ಟುಬಿಡ್ತಾರೆ. ಅದು ನನಗೆ ತುಂಬಾ ನೋವಿನ ವಿಷಯ. 2019ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನದಲ್ಲಿ, ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ ಸುಮಾರು 780 ಗೇ ಜೋಡಿಗಳಿದ್ದರು. ವೈರಲ್ ಲೋಡ್ ಒಂದು ಮಿಲಿಲೀಟರ್ ರಕ್ತಕ್ಕೆ 200ಕ್ಕಿಂತ ಕಡಿಮೆ ಇದ್ದಾಗ, ಕಾಂಡೋಮ್ ಇಲ್ಲದೆಯೂ ಸಂಗಾತಿಯಿಂದ ಒಬ್ಬರಿಗೂ ಸೋಂಕು ದಾಟಲಿಲ್ಲ. ಸಿಫಿಲಿಸ್, ಗೊನೋರಿಯಾದಂಥ ಬೇರೆ ಲೈಂಗಿಕ ಸೋಂಕುಗಳಿಗೆ ಈ ರಕ್ಷೆ ಇಲ್ಲ. ಆ ತಪಾಸಣೆ ಬೇರೆಯೇ ಮಾಡಿಸಬೇಕು.

ಹಳೇದಾರಿ:
1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಸೇರಿದ ಏಡ್ಸ್ ಇದ್ದ ಗೇ ಪುರುಷರು, ತಮ್ಮನ್ನು ‘ಬಲಿಪಶು’ ಅನ್ನೋದನ್ನು ಖಂಡಿಸಿ, ತಮ್ಮ ಬಗ್ಗೆ ನಡೆಯೋ ತೀರ್ಮಾನಗಳಲ್ಲಿ ತಮಗೂ ಪಾಲಿರಬೇಕು ಅಂತ ಬರೆದಿಟ್ಟರು. ಬಲಿಪಶುವಾಗಿ ಕೂರದೆ ಒಬ್ಬರಿಗೊಬ್ಬರು ಆಸರೆಯಾಗೋದಕ್ಕಿಂತ ಒಳ್ಳೆ ದಾರಿ ಇವತ್ತಿಗೂ ನನಗೆ ಕಂಡಿಲ್ಲ. ಆಪ್ತಸಲಹಾ ಕೇಂದ್ರದ ಮೂಲಕ, ಎಚ್‌ಐವಿ ಇದೆ ಅಂತ ಹೊಸದಾಗಿ ಗೊತ್ತಾದವರೊಬ್ಬರ ಜೊತೆ ವಾರಕ್ಕೊಂದು ಗಂಟೆ ಕೂತುಕೊಳ್ಳಿ. ದಿನ, ಹೊತ್ತು ಗಟ್ಟಿ ಇರಲಿ. ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಬೇಡ. ರಾತ್ರಿಯಿಡೀ ಫೋನ್ ಎತ್ತೋಕೆ ಹೋದವರು ಮೂರೇ ತಿಂಗಳಲ್ಲಿ ಸುಸ್ತಾಗಿ ಬಿಟ್ಟುಬಿಡ್ತಾರೆ.

ಮುಂಜಾವು:
ಮೊದಲ ದಿನ ಏನು ಮಾತಾಡೋದು?

ಹಳೇದಾರಿ:
‘ಏನೂ ಆಗಲ್ಲ’ ಅನ್ನಬೇಡಿ, ಅವರು ನಂಬಲ್ಲ. ಮುಂದಿನ ರಕ್ತಪರೀಕ್ಷೆ ಯಾವತ್ತು ಅಂತ ಕೇಳಿ, ಅವತ್ತು ಜೊತೆಗೆ ಹೋಗಿ. ಸಾಲಿನಲ್ಲಿ ಅವರ ಫೈಲ್ ನೀವು ಹಿಡ್ಕೊಳ್ಳಿ, ಹೆಸರು ಹೊರಗೆ ಕಾಣದ ಹಾಗೆ.