ಜಾಬ್‌ವರ್ಕ್ ತಂತ್ರಾಂಶವನ್ನು ಆನ್‌ಲೈನ್‌ನಲ್ಲಿ ಬಿಡುಗಡೆ ಮಾಡುವುದು ಹೇಗೆ? ಬ್ಯಾಕ್‌ಲಿಂಕ್‌ಗಳನ್ನು ಹಣ ಕೊಟ್ಟು ಪಡೆಯಬಹುದೇ?

ಭೋಸರಿ ಕನ್ನಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯವನು, ಹದಿನಾಲ್ಕು ವರ್ಷಗಳಿಂದ ಪುಣೆಯಲ್ಲಿ ನೆಲೆಸಿದ್ದೇನೆ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಮಷೀನ್ ಶಾಪ್‌ನಲ್ಲಿ ಬಹಳ ವರ್ಷ ಸ್ಟೋರ್ಸ್ ನೋಡಿಕೊಂಡಿದ್ದ ಅನುಭವದಿಂದ, ನನ್ನ ಅಕ್ಕನ ಮಗನೊಂದಿಗೆ ಸೇರಿ ಜಾಬ್‌ವರ್ಕ್ ಲೆಕ್ಕ ಇಡುವ ತಂತ್ರಾಂಶವೊಂದನ್ನು ಸಿದ್ಧಪಡಿಸಿದ್ದೇನೆ. ಪ್ಲೇಟಿಂಗಿಗೋ ಗ್ರೈಂಡಿಂಗಿಗೋ ಹೀಟ್ ಟ್ರೀಟ್‌ಮೆಂಟಿಗೋ ಹೊರಗೆ ಹೋದ ಮಾಲು ಯಾವ ಚಲನ್‌ನಲ್ಲಿ ಹೋಯಿತು, ಎಷ್ಟು ಮರಳಿ ಬಂತು, ಎಷ್ಟು ರಿಜೆಕ್ಟ್ ಆಯಿತು, ಇನ್ನೂ ಎಷ್ಟು ಅವರ ಬಳಿಯೇ ಉಳಿದಿದೆ ಎಂಬುದನ್ನು ಅದು ತೋರಿಸುತ್ತದೆ. ಜಿಎಸ್‌ಟಿ ಕಾಯಿದೆಯ 143ನೇ ಕಲಮಿನ ಪ್ರಕಾರ ಜಾಬ್‌ವರ್ಕಿಗೆ ಕಳಿಸಿದ ಕಚ್ಚಾ ಮಾಲು 1 ವರ್ಷದೊಳಗೆ ಮರಳದಿದ್ದರೆ ಅದನ್ನು ಕಳಿಸಿದ ದಿನವೇ ಮಾರಿದಂತೆ ಎಣಿಸಿ ತೆರಿಗೆ ಹಾಕುವುದರಿಂದ, ಆ ಗಡುವು ಸಮೀಪಿಸುವ ಮೊದಲೇ ಎಚ್ಚರಿಸುವ ವ್ಯವಸ್ಥೆಯನ್ನೂ ಅದರಲ್ಲಿ ಅಳವಡಿಸಿದ್ದೇವೆ.

ಈಗ ಹನ್ನೊಂದು ವರ್ಕ್‌ಶಾಪ್‌ಗಳು ಇದನ್ನು ಬಳಸುತ್ತಿವೆ. ಎಲ್ಲವೂ ನನ್ನ ಪರಿಚಯದಿಂದಲೇ ಬಂದವು. ಗೂಗಲ್‌ನಲ್ಲಿ ನಮ್ಮ ತಂತ್ರಾಂಶದ ಹೆಸರನ್ನೇ ಹಾಕಿ ಹುಡುಕಿದರೂ ನಮ್ಮ ಜಾಲತಾಣ ಕಾಣಿಸುವುದಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿಯಾಗಿದೆ.

ನನ್ನ ಪ್ರಶ್ನೆಗಳು ಎರಡು. ಹೊಸ ಉತ್ಪನ್ನಗಳನ್ನು ಜನರ ಮುಂದಿಟ್ಟು ಓಟು ಪಡೆಯುವ ಪ್ರಾಡಕ್ಟ್ ಹಂಟ್‌ನಂಥ ತಾಣದಲ್ಲಿ ಬಿಡುಗಡೆ ಮಾಡಿದರೆ ಸಾಕು, ಜನರೂ ಬರುತ್ತಾರೆ, ಬ್ಯಾಕ್‌ಲಿಂಕ್‌ಗಳೂ (ಬೇರೆ ತಾಣಗಳು ನಮ್ಮ ತಾಣಕ್ಕೆ ಹಾಕುವ ಕೊಂಡಿಗಳು) ಬರುತ್ತವೆ ಎಂದು ಅಕ್ಕನ ಮಗ ಹೇಳುತ್ತಾನೆ; ಇದು ನಮ್ಮಂಥ ಉತ್ಪನ್ನಕ್ಕೂ ನಿಜವೇ? ಎರಡನೆಯದು, ಒಂದು ಏಜೆನ್ಸಿಯವರು 18,000 ರೂಪಾಯಿಗೆ ಒಂದೇ ತಿಂಗಳಲ್ಲಿ 500 ಬ್ಯಾಕ್‌ಲಿಂಕ್‌ಗಳನ್ನು, ಅವೂ ಡೊಮೇನ್ ಅಥಾರಿಟಿ (ತಾಣದ ತೂಕ ಅಳೆಯುವ ಅಂಕ) 40ಕ್ಕಿಂತ ಹೆಚ್ಚಿರುವ ತಾಣಗಳಿಂದ, ಕೊಡಿಸುವುದಾಗಿ ಹೇಳುತ್ತಿದ್ದಾರೆ. ಹಣ ಹೊಂದಿಸಬಲ್ಲೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಡೊಂಬಿವಲಿಯಿಂದ

ಸರ್, ನಮಸ್ಕಾರ. ನಾನು ಸಂಗೀತ ಪಾಠ ಹೇಳುವವರಿಗಾಗಿ ಹಾಜರಿ ಮತ್ತು ಶುಲ್ಕದ ಲೆಕ್ಕ ಇಡುವ ಒಂದು ಸಣ್ಣ ತಂತ್ರಾಂಶವನ್ನು ನಡೆಸುತ್ತಿದ್ದೇನೆ, ಎರಡು ವರ್ಷಗಳ ಹಿಂದೆ ಅದನ್ನು ಪ್ರಾಡಕ್ಟ್ ಹಂಟ್‌ನಲ್ಲಿ ಬಿಡುಗಡೆ ಮಾಡಿದ್ದೆ. ಆ ಒಂದು ದಿನದ ಅನುಭವವನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ.

ಅಲ್ಲಿಯ ದಿನ ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯರಾತ್ರಿ 12:01ಕ್ಕೆ ಆರಂಭವಾಗುತ್ತದೆ. ನಮಗೆ ಅದು ಬೇಸಿಗೆಯಲ್ಲಿ ಮಧ್ಯಾಹ್ನ 12:31, ಅವರ ಗಡಿಯಾರ ಹಿಂದಕ್ಕೆ ಸರಿಯುವ ನವೆಂಬರಿನಿಂದ ಮಾರ್ಚಿನವರೆಗೆ 1:31. ಮೊದಲ ಕೆಲವು ಗಂಟೆಗಳಲ್ಲಿ ಎಚ್ಚರವಿರುವವರು ನಾವು ಮತ್ತು ಯುರೋಪಿನವರು. ಅಮೆರಿಕದವರು ಏಳುವುದು ನಮ್ಮ ಸಂಜೆಗೆ. ಆದ್ದರಿಂದ ಬಂದ ಪ್ರತಿಯೊಂದು ಪ್ರಶ್ನೆಗೂ ಉತ್ತರಿಸಬೇಕೆಂದರೆ ರಾತ್ರಿಯಿಡೀ ಕೂರಬೇಕಾಗುತ್ತದೆ; ನಾನು ಮತ್ತು ನನ್ನ ಯಜಮಾನರು ಸರದಿಯಲ್ಲಿ ಕುಳಿತೆವು. ಓಟು ಹಾಕಿ ಎಂದು ಪರಿಚಿತರನ್ನು ನೇರವಾಗಿ ಕೇಳುವುದು ಅಲ್ಲಿಯ ನಿಯಮಕ್ಕೆ ವಿರುದ್ಧ. "ಇಂದು ನಮ್ಮ ಉತ್ಪನ್ನ ಅಲ್ಲಿದೆ, ನೋಡಿ ನಿಮ್ಮ ಅಭಿಪ್ರಾಯ ತಿಳಿಸಿ" ಎನ್ನುವಷ್ಟಕ್ಕೆ ಮಾತ್ರ ಅವಕಾಶವಿದೆ. ಮುಖಪುಟದಲ್ಲಿ ಯಾವುದನ್ನು ತೋರಿಸಬೇಕೆಂಬುದನ್ನು ಅವರ ಸಂಪಾದಕರು ನಿರ್ಧರಿಸುತ್ತಾರೆ.

ನಮ್ಮಲ್ಲಿಗೆ ಆ ದಿನ ಸುಮಾರು 600 ಜನ ಬಂದರು. 38 ಜನ ಖಾತೆ ತೆರೆದರು. ಮೂರು ತಿಂಗಳ ನಂತರ ಹಣ ಕೊಟ್ಟು ಉಳಿದವರು ಇಬ್ಬರು. ಬಂದವರಲ್ಲಿ ಬಹುಪಾಲು ಜನ ನನ್ನಂತೆಯೇ ತಂತ್ರಾಂಶ ಮಾಡುವವರಾಗಿದ್ದರು, ಸಂಗೀತ ಕಲಿಸುವವರಲ್ಲ. ಆದರೂ ನನಗೆ ಪಶ್ಚಾತ್ತಾಪವಿಲ್ಲ, ಏಕೆಂದರೆ ಖಾತೆ ತೆರೆಯುವ ಪುಟದಲ್ಲಿ ಜನ ಎಲ್ಲಿ ತಡವರಿಸುತ್ತಾರೆ ಎಂಬುದು ಒಂದೇ ರಾತ್ರಿಯಲ್ಲಿ ತಿಳಿಯಿತು. ನಮ್ಮ ಪರಿಚಯದವರು ಸಂಕೋಚದಿಂದ ಅದನ್ನು ಎಂದೂ ಹೇಳಿರಲಿಲ್ಲ. ತಂತ್ರಾಂಶದವರು ಸೇರುವ ಹ್ಯಾಕರ್ ನ್ಯೂಸ್ ಎಂಬ ಚರ್ಚಾತಾಣದ "ಶೋ" ವಿಭಾಗವೂ ಹೀಗೆಯೇ. ಅಲ್ಲಿ ಓದುಗರು ತಾವೇ ಬಳಸಿ ನೋಡಬಹುದಾದ ವಸ್ತು ಇರಬೇಕು; ಬರಿಯ ಪರಿಚಯ ಪುಟವನ್ನು ಒಪ್ಪುವುದಿಲ್ಲ, ಜಾಹೀರಾತಿನ ಭಾಷೆಯನ್ನು ಸಹಿಸುವುದಿಲ್ಲ. ನೆಟ್‌ವರ್ಕ್ ಸಿಗದ ಶೆಡ್ಡಿನೊಳಗೆ ಚಲನ್ ಬರೆದು ಆಮೇಲೆ ಅದನ್ನು ಸರ್ವರಿಗೆ ಹೊಂದಿಸುವುದನ್ನು ನಿಮ್ಮ ಅಕ್ಕನ ಮಗ ಹೇಗೆ ಸಾಧಿಸಿದರು ಎಂಬ ಬರಹವಿದ್ದರೆ ಅಲ್ಲಿ ಆಸಕ್ತಿಯಿಂದ ಓದುತ್ತಾರೆ. ಆದರೆ ಅವರಾರೂ ನಿಮ್ಮ ಗಿರಾಕಿಗಳಲ್ಲ ಎಂಬುದು ನೆನಪಿರಲಿ.

ನನಗೆ ಇಂದಿಗೂ ಗಿರಾಕಿಗಳನ್ನು ಕಳಿಸಿಕೊಡುವ ಕೊಂಡಿ ಬಂದದ್ದು ಬೇರೆ ಕಡೆಯಿಂದ. ತಿಂಗಳ ಮಧ್ಯದಲ್ಲಿ ಸೇರಿದ ಶಿಷ್ಯರ ಶುಲ್ಕವನ್ನು ಭಾಗಿಸುವ ಒಂದು ಉಚಿತ ಲೆಕ್ಕಪುಟವನ್ನು ನಾನು ತಾಣದಲ್ಲಿ ಹಾಕಿದ್ದೆ, ಅದನ್ನು ಒಬ್ಬ ವೀಣೆಯ ಶಿಕ್ಷಕಿ ತಮ್ಮ ಬ್ಲಾಗಿನಲ್ಲಿ ತಾವಾಗಿಯೇ ಉಲ್ಲೇಖಿಸಿದರು.

ಇನ್ನೊಂದು ಮಾತು. ತಂತ್ರಾಂಶದ ಹೆಸರನ್ನೇ ಹಾಕಿದರೂ ಕಾಣಿಸುವುದಿಲ್ಲ ಎಂದಿರಿ. ಅದು ಸಾಧಾರಣವಾಗಿ ಬ್ಯಾಕ್‌ಲಿಂಕಿನ ಕೊರತೆಯಲ್ಲ, ಗೂಗಲ್ ನಿಮ್ಮ ಪುಟವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡೇ ಇಲ್ಲವೆಂಬುದರ ಸೂಚನೆ. ತಾಣದ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ತಾಣವನ್ನು ನೋಂದಾಯಿಸಿ, ಯುಆರ್‌ಎಲ್ ತಪಾಸಣೆ ಎಂಬಲ್ಲಿ ಮುಖಪುಟದ ವಿಳಾಸ ಹಾಕಿ ಏನು ಬರುತ್ತದೆಂದು ಮೊದಲು ನೋಡಿ. ಉಳಿದದ್ದೆಲ್ಲ ಆಮೇಲೆ.

ವೆರ್ಣಾ, ಗೋವಾ

ಹಣ ಕೊಟ್ಟು ಕೊಂಡಿ ಪಡೆಯುವ ವಿಷಯದಲ್ಲಿ ನಾನು ಮಾತನಾಡಲೇಬೇಕು, ಏಕೆಂದರೆ ಆ ತಪ್ಪನ್ನು ನಾನು ಮಾಡಿದ್ದೇನೆ. ನಾನು ಕಾರವಾರದವನು, ಇಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಔಷಧ ಕಂಪನಿಗಳಿಗೆ ಲೇಬಲ್ ಒದಗಿಸುವ ನಮ್ಮ ಘಟಕವಿದೆ. ಆನ್‌ಲೈನ್‌ನಲ್ಲಿ ಆರ್ಡರ್ ಪಡೆಯುವ ತಾಣವೊಂದನ್ನು ಆರಂಭಿಸಿದಾಗ ಇಂಥದ್ದೇ ಒಂದು ಏಜೆನ್ಸಿಗೆ ಹಣ ಕಟ್ಟಿದೆ. ಎರಡು ತಿಂಗಳು ತಾಣ ಮೇಲೇರಿತು, ನಾವು ಸಂತೋಷಪಟ್ಟೆವು. ಅನಂತರ ಸರ್ಚ್ ಕನ್ಸೋಲ್‌ನಲ್ಲಿ "ಅಸ್ವಾಭಾವಿಕ ಕೊಂಡಿಗಳು" ಎಂಬ ಕಾರಣ ಕೊಟ್ಟು ಮ್ಯಾನುಯಲ್ ಆ್ಯಕ್ಷನ್, ಅಂದರೆ ಗೂಗಲ್‌ನವರೇ ವಿಧಿಸುವ ದಂಡನೆಯ, ಸೂಚನೆ ಬಂತು, ನಮ್ಮ ಪುಟಗಳು ಹುಡುಕಾಟದಿಂದ ಬಹುತೇಕ ಮಾಯವಾದವು. ಆ ಏಜೆನ್ಸಿ ಕೊಂಡಿ ಹಾಕಿದ್ದ ತಾಣಗಳ ಯಜಮಾನರಿಗೆ ಒಬ್ಬೊಬ್ಬರಿಗೂ ಪತ್ರ ಬರೆದು ತೆಗೆಸಿ, ತೆಗೆಯದಿದ್ದವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಕೊಡುವ ಡಿಸವೋ ಪಟ್ಟಿಗೆ ಸೇರಿಸಿ, ಮರುಪರಿಶೀಲನೆಗೆ ಎರಡು ಸಲ ಅರ್ಜಿ ಹಾಕಿ ಆ ಸೂಚನೆಯಿಂದ ಬಿಡುಗಡೆ ಪಡೆಯಲು ಐದು ತಿಂಗಳು ಹಿಡಿಯಿತು. ನಮ್ಮ ಮಗಳ ಮದುವೆಯ ವರ್ಷ ಅದು. ಆ ಐದು ತಿಂಗಳ ಆತಂಕವನ್ನು ನಾನು ಇನ್ನೂ ಮರೆತಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ಆಮೇಲೆ ಕುಳಿತು ಓದಿ ತಿಳಿದುಕೊಂಡೆ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ರೂಪಿಸಿದ, ಗೂಗಲ್ ಹುಡುಕಾಟಕ್ಕೆ ಅಡಿಪಾಯವಾದ ಪೇಜ್‌ರ‍್ಯಾಂಕ್ ಒಂದು ಕೊಂಡಿಯನ್ನು ಒಂದು ಶಿಫಾರಸಿನಂತೆ ಎಣಿಸುತ್ತಿತ್ತು, ಶಿಫಾರಸು ಮಾಡಿದವರ ತೂಕಕ್ಕೆ ತಕ್ಕಂತೆ ಅದರ ಬೆಲೆ ಹೆಚ್ಚು ಕಡಿಮೆಯಾಗುತ್ತಿತ್ತು. ಶಿಫಾರಸಿಗೆ ಬೆಲೆ ಬಂದ ಕೂಡಲೇ ಅದು ಮಾರಾಟದ ವಸ್ತುವಾಯಿತು. ಅದನ್ನು ತಡೆಯಲು 2005ರಲ್ಲಿ ಈ ಕೊಂಡಿಯನ್ನು ಶಿಫಾರಸಾಗಿ ಎಣಿಸಬೇಡಿ ಎನ್ನುವ ನೋಫಾಲೋ ಎಂಬ ಗುರುತನ್ನು ತಂದರು, 2012ರ ಏಪ್ರಿಲ್‌ನಲ್ಲಿ ಕೃತಕ ಕೊಂಡಿಗಳ ತಾಣಗಳನ್ನು ಕೆಳಗಿಳಿಸುವ ಪೆಂಗ್ವಿನ್ ಎಂಬ ಪರಿಷ್ಕರಣೆ ಬಂತು, 2019ರಲ್ಲಿ ಹಣ ಕೊಟ್ಟ ಕೊಂಡಿಗೆ "ಸ್ಪಾನ್ಸರ್ಡ್" ಎಂಬ ಗುರುತನ್ನೂ ಬಳಕೆದಾರರೇ ಬರೆದ ಕೊಂಡಿಗೆ "ಯುಜಿಸಿ" ಎಂಬ ಗುರುತನ್ನೂ ಸೇರಿಸಿದರು. 2022ರ ಡಿಸೆಂಬರಿನಿಂದ ಸ್ಪ್ಯಾಮ್‌ಬ್ರೇನ್ ಎಂಬ ವ್ಯವಸ್ಥೆ ಕೊಂಡಿ ಕೊಂಡವರನ್ನೂ ಮಾರುವ ತಾಣಗಳನ್ನೂ ಗುರುತಿಸಿ ಅಂಥ ಕೊಂಡಿಗಳ ತೂಕವನ್ನು ಸೊನ್ನೆಗಿಳಿಸುತ್ತಿದೆ. ಹಾಗೆ ಸೊನ್ನೆಯಾದ ಮೇಲೆ ಆ ಕೊಂಡಿಗಳಿಂದ ಬಂದಿದ್ದ ಲಾಭ ಮರಳಿ ಸಿಗುವುದಿಲ್ಲ ಎಂದು ಗೂಗಲ್ ಸ್ಪಷ್ಟವಾಗಿಯೇ ಹೇಳಿದೆ. ಆದ್ದರಿಂದ ನಿಮ್ಮ 18,000 ರೂಪಾಯಿಗೆ ದಂಡನೆ ಬರದೆ ಹೋದರೂ ಫಲವಂತೂ ಬಾರದು.

ಡೊಮೇನ್ ಅಥಾರಿಟಿ ಎಂಬುದು ಮೋಜ್ ಎಂಬ ಕಂಪನಿಯ ಅಳತೆ, ಡೊಮೇನ್ ರೇಟಿಂಗ್ ಎಂಬುದು ಏಹ್ರೆಫ್ಸ್‌ನದು. ಗೂಗಲ್ ಎರಡನ್ನೂ ಬಳಸುವುದಿಲ್ಲ. ಆ 40 ಎಂಬ ಅಂಕಿ ಹೇಳಿಯೇ ನನ್ನನ್ನೂ ಒಪ್ಪಿಸಿದ್ದರು.

ಕೊಥ್ರೂಡ್ ಲೆಕ್ಕಪರಿಶೋಧಕ

ನಾನು ತಂತ್ರಾಂಶದವನಲ್ಲ, ಪಿಂಪ್ರಿ-ಚಿಂಚವಡದ ಅನೇಕ ಸಣ್ಣ ಘಟಕಗಳ ಜಿಎಸ್‌ಟಿ ಕೆಲಸ ನೋಡುತ್ತೇನೆ. ಆದರೆ ನಿಮ್ಮ ಗಿರಾಕಿಗಳು ಏನನ್ನು, ಯಾವಾಗ ಹುಡುಕುತ್ತಾರೆ ಎಂಬುದು ನನಗೆ ತಿಳಿದಿದೆ. ಜಾಬ್‌ವರ್ಕಿಗೆ ಮಾಲು ಕಳಿಸುವವರು, ಹೋದ ಮತ್ತು ಮರಳಿದ ಮಾಲಿನ ವಿವರ ಕೊಡುವ ಐಟಿಸಿ-04 ನಮೂನೆಯನ್ನು ಸಲ್ಲಿಸಬೇಕು. ವಹಿವಾಟು 5 ಕೋಟಿ ರೂಪಾಯಿಗಿಂತ ಹೆಚ್ಚಿದ್ದವರಿಗೆ ಅದು ಅಕ್ಟೋಬರ್ 25 ಮತ್ತು ಏಪ್ರಿಲ್ 25ರಂದು, ಉಳಿದವರಿಗೆ ವರ್ಷಕ್ಕೊಮ್ಮೆ ಏಪ್ರಿಲ್ 25ರಂದು. ಆ ದಿನಾಂಕಗಳ ಹಿಂದಿನ ಮೂರು ವಾರ ನನ್ನ ಫೋನ್ ಬಿಡುವಿಲ್ಲದೆ ಮೊಳಗುತ್ತದೆ, ಎಲ್ಲರದೂ ಒಂದೇ ಪ್ರಶ್ನೆ: ಹೊರಗೆ ಉಳಿದಿರುವ ಮಾಲಿನ ಪಟ್ಟಿ ಹೇಗೆ ಮಾಡುವುದು? ಸಾಮಾನ್ಯ ಸಾಗಣೆಯಲ್ಲಿ ಇ-ವೇ ಬಿಲ್ಲಿಗೆ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಪಡೆಯುವ ಪತ್ರ) ಮೌಲ್ಯದ ಮಿತಿ ಇದೆ, ಆದರೆ ಜಾಬ್‌ವರ್ಕಿಗಾಗಿ ಮಾಲು ರಾಜ್ಯ ದಾಟಿದರೆ ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಬೇಕು ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಪುಣೆಯಿಂದ ಬೆಳಗಾವಿಯ ಉದ್ಯಮಬಾಗಕ್ಕೆ ಬಿಡಿಭಾಗ ಕಳಿಸುವವರು ಇದರಲ್ಲಿ ಎಡವುತ್ತಾರೆ.

ಚಲನ್ ಎಷ್ಟು ಪ್ರತಿಗಳಲ್ಲಿರಬೇಕು, ಅದರಲ್ಲಿ ಏನೇನು ಬರೆಯಬೇಕು, 1 ವರ್ಷದ ಗಡುವನ್ನು ಯಾವ ದಿನದಿಂದ ಎಣಿಸಬೇಕು ಎಂಬುದನ್ನು ತಪ್ಪಿಲ್ಲದೆ ವಿವರಿಸಿ, ಭರ್ತಿ ಮಾಡಬಹುದಾದ ಉಚಿತ ನಮೂನೆಯನ್ನೂ ಜೊತೆಗಿಟ್ಟು ಒಂದು ಪುಟ ಮಾಡಿ. ಅಂಥದ್ದು ಇದ್ದರೆ ನನ್ನ ಕಚೇರಿಯ ತಾಣದಿಂದಲೇ ನಾನು ಕೊಂಡಿ ಹಾಕುತ್ತೇನೆ, ಏಕೆಂದರೆ ಪ್ರತಿಯೊಬ್ಬರಿಗೂ ಫೋನಿನಲ್ಲಿ ವಿವರಿಸುವ ನನ್ನ ಕೆಲಸ ತಪ್ಪುತ್ತದೆ. ನನ್ನ ವೃತ್ತಿಯ ಇತರರೂ ಹಾಗೆಯೇ ಮಾಡಿಯಾರು. ಆದರೆ ಅದು ಅಕ್ಟೋಬರಿನಲ್ಲಿ ಕಾಣಬೇಕಾದರೆ ಆಗಸ್ಟ್ ಹೊತ್ತಿಗೇ ತಾಣದಲ್ಲಿರಬೇಕು. 1934ರಿಂದ ಇರುವ ನಮ್ಮ ಮರಾಠಾ ಚೇಂಬರ್ ಎಂಬ ವಾಣಿಜ್ಯೋದ್ಯಮ ಮಂಡಳಿಯಲ್ಲಿ, ನಿಮ್ಮ ಎಂಐಡಿಸಿಯ ಉದ್ಯಮಿಗಳ ಸಂಘದಲ್ಲಿ ಸದಸ್ಯರಾಗುವುದನ್ನೂ ಯೋಚಿಸಿ; ಅಲ್ಲಿಯ ಸಭೆಗಳಲ್ಲಿ ನೀವು ಭೇಟಿಯಾಗುವವರೇ ನಿಮ್ಮ ನಿಜವಾದ ಗಿರಾಕಿಗಳು.

ಭೋಸರಿ ಕನ್ನಡಿಗ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೇಡಂ ಹೇಳಿದಂತೆ ನಿನ್ನೆ ರಾತ್ರಿ ಸರ್ಚ್ ಕನ್ಸೋಲ್ ನೋಡಿದೆವು. ತಾಣವನ್ನು ಕಟ್ಟುತ್ತಿದ್ದಾಗ ಯಾರ ಕಣ್ಣಿಗೂ ಬೀಳಬಾರದೆಂದು ಅಕ್ಕನ ಮಗ ಎಲ್ಲ ಪುಟಗಳಲ್ಲೂ, ಹುಡುಕಾಟದ ಪಟ್ಟಿಗೆ ಸೇರಿಸಬೇಡಿ ಎಂದು ಗೂಗಲ್‌ಗೆ ಹೇಳುವ ನೋಇಂಡೆಕ್ಸ್ ಎಂಬ ಸಾಲನ್ನು ಹಾಕಿದ್ದನಂತೆ, ಅದನ್ನು ತೆಗೆಯುವುದು ಮರೆತಿದೆ. ಏಳು ತಿಂಗಳು ನಾವೇ ಬಾಗಿಲು ಮುಚ್ಚಿಕೊಂಡು ಜನ ಏಕೆ ಬರುವುದಿಲ್ಲ ಎಂದು ಕೊರಗುತ್ತಿದ್ದೆವು. ಹುಡುಗ ಬಹಳ ನೊಂದುಕೊಂಡ. ಹನ್ನೊಂದು ಶಾಪ್‌ಗಳಲ್ಲಿ ಒಂದು ಚಲನ್ ಕೂಡ ತಪ್ಪದಂತೆ ಕೆಲಸ ಮಾಡಿದ್ದು ಅವನೇ ಎಂದು ಸಮಾಧಾನ ಹೇಳಿದೆ. ಈಗ ಆ ಸಾಲನ್ನು ತೆಗೆದು, ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಸಲ್ಲಿಸಿದ್ದೇವೆ. ಏಜೆನ್ಸಿಯವರಿಗೆ ಬೇಡವೆಂದು ಹೇಳಿಯಾಯಿತು.

ಚಲನ್ ಕುರಿತ ಪುಟವನ್ನು ಮರಾಠಿ ಮತ್ತು ಕನ್ನಡ ಎರಡರಲ್ಲೂ ಬರೆಯಬೇಕೆಂದಿದ್ದೇನೆ. ಎರಡು ಭಾಷೆಯ ಪುಟಗಳು ಒಂದಕ್ಕೊಂದು ಅಡ್ಡಿಯಾಗುತ್ತವೆಯೇ? ಪ್ರಾಡಕ್ಟ್ ಹಂಟ್ ಬಿಡುಗಡೆಯನ್ನು ಆ ನಂತರಕ್ಕೆ ಇಟ್ಟುಕೊಂಡರೆ ನಷ್ಟವಿದೆಯೇ?

ಡೊಂಬಿವಲಿಯಿಂದ

ಸಿಕ್ಕಿತಲ್ಲ ಸರ್, ನನಗೂ ಬಹಳ ಸಂತೋಷವಾಯಿತು. ಪುಟಗಳು ಅಡ್ಡಿಯಾಗುವುದಿಲ್ಲ. ಪ್ರತಿ ಭಾಷೆಗೂ ಬೇರೆ ವಿಳಾಸವಿರಲಿ, ಒಂದು ಪುಟ ಇನ್ನೊಂದರ ಭಾಷಾಂತರ ರೂಪವೆಂದು ತಿಳಿಸುವ ಹೆಚ್‌ರೆಫ್‌ಲ್ಯಾಂಗ್ ಗುರುತನ್ನು ಎರಡರಲ್ಲೂ ಹಾಕಲು ಅಕ್ಕನ ಮಗನಿಗೆ ಹೇಳಿ, ಮತ್ತು ಬ್ಲಾಗನ್ನು ಬೇರೆ ಉಚಿತ ತಾಣದಲ್ಲಿ ಬರೆಯದೆ ನಿಮ್ಮ ಡೊಮೇನ್‌ನಲ್ಲಿಯೇ ಬರೆಯಿರಿ. ಬಂದ ಕೊಂಡಿಗಳು ಅಲ್ಲಿಗೇ ಸೇರಲಿ. ಪ್ರಾಡಕ್ಟ್ ಹಂಟ್‌ಗೆ ಆತುರವಿಲ್ಲ. ಬಿಡುಗಡೆ ಮಾಡುವ ದಿನ ಅಲ್ಲಿ ಕೊಡುವ ನಿಮ್ಮ ತಾಣದ ವಿಳಾಸಕ್ಕೆ, ಬಂದವರ ಮೂಲ ತಿಳಿಸುವ ಯುಟಿಎಂ ಗುರುತು ಸೇರಿಸಿ, ಆಗ ಯಾರು ಎಲ್ಲಿಂದ ಬಂದು ಉಳಿದರು ಎಂಬುದು ಮೂರು ತಿಂಗಳ ನಂತರವೂ ತಿಳಿಯುತ್ತದೆ.

ಭೋಸರಿ ಕನ್ನಡಿಗ

ಹಾಗೆಯೇ ಮಾಡುತ್ತೇವೆ. ಲೆಕ್ಕಪರಿಶೋಧಕ ಸರ್ ಒಪ್ಪಿದರೆ ಪುಟದ ಕರಡನ್ನು ಪ್ರಕಟಿಸುವ ಮೊದಲು ಅವರಿಗೆ ತೋರಿಸಬೇಕೆಂದಿದ್ದೇನೆ, ತೆರಿಗೆಯ ವಿಷಯದಲ್ಲಿ ಒಂದು ಅಕ್ಷರವೂ ತಪ್ಪಬಾರದು. ಬೆಳಗಾವಿ ಅಥವಾ ಹುಬ್ಬಳ್ಳಿಯ ವರ್ಕ್‌ಶಾಪ್‌ಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ಒಂದು ಸಹಾಯ ಬೇಕು: ಜಾಬ್‌ವರ್ಕಿಗೆ ಹೋಗಿ ಇನ್ನೂ ಬಾರದ ಮಾಲಿಗೆ ಇಲ್ಲಿ ನಾವು "ಬಾಕಿ ಮಾಲು" ಎನ್ನುತ್ತೇವೆ. ನಿಮ್ಮ ಶಾಪ್‌ನಲ್ಲಿ ಏನೆಂದು ಕರೆಯುತ್ತಾರೆ?