ಸಹಾಯ ಬೇಕು: ಬೆಕ್ಕು, ನಾಯಿ ಇರುವ ಮನೆಯಲ್ಲಿ ವಿಷಕಾರಿ ಗಿಡಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಬೆಕ್ಕೂ ಒಂದು ನಾಯಿಮರಿಯೂ ಇದ್ದು, ಕ್ರಿಸ್‌ಮಸ್ ಸಮಯದಲ್ಲಿ ಉಡುಗೊರೆಯಾಗಿ ಬರುವ ಹೂಗುಚ್ಛ ಹಾಗೂ ಕುಂಡದ ಗಿಡಗಳ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ.

ನನ್ನ ದೊಡ್ಡ ಆತಂಕ ಲಿಲ್ಲಿ ಹೂವಿನದು. ಅದರ ಎಲೆ, ದಳಗಳನ್ನು ತಿಂದರೆ ಮಾತ್ರವಲ್ಲ, ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ, ಹೂದಾನಿಯ ನೀರನ್ನು ಕುಡಿದರೂ ಬೆಕ್ಕಿನ ಮೂತ್ರಪಿಂಡಗಳು ವಿಫಲವಾಗಬಹುದಾದ್ದರಿಂದ, ಅದನ್ನು ಎತ್ತರದ ಕಪಾಟಿನಲ್ಲಿಡುವುದು ಪರಿಹಾರವೆಂದು ನನಗೆ ತೋರುವುದಿಲ್ಲ. ಮನೆಯೊಳಗೆ ತರುವುದೇ ಬೇಡವೆಂದು ನಿರ್ಧರಿಸಿದ್ದೇವೆ. ತಾಳೆಯಂತೆ ಕಾಣುವ ಸೈಕಸ್ ಗಿಡದ ಬೀಜ ನಾಯಿಗಳ ಯಕೃತ್ತಿಗೆ ಮಾರಕವಾದ್ದರಿಂದ ಅದನ್ನೂ ತೆಗೆಸಿದ್ದೇವೆ. ಪಾಯಿನ್‌ಸೆಟಿಯಾ (ಕ್ರಿಸ್‌ಮಸ್‌ಗೆ ಕೊಡುವ ಕೆಂಪೆಲೆಯ ಗಿಡ) ಸಾಮಾನ್ಯವಾಗಿ ಬಾಯುರಿ, ವಾಂತಿಯಷ್ಟಕ್ಕೇ ನಿಲ್ಲುತ್ತದೆ (ಅದಕ್ಕೆ ಅಂಟಿರುವ ಕೆಟ್ಟ ಹೆಸರು ಅತಿಯಾಯಿತೆಂದೇ ನನ್ನ ಅಭಿಪ್ರಾಯ).

ಉಳಿದಿರುವುದು ಮನಿ ಪ್ಲಾಂಟ್ ಮತ್ತು ಮಚ್ಚೆಯೆಲೆಯ ಅಲಂಕಾರಿಕ ಗಿಡ ಡೈಫೆನ್‌ಬೇಕಿಯಾ. ಇವುಗಳಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ನಾಲಿಗೆ, ಗಂಟಲನ್ನು ಊದಿಸುತ್ತವೆ. ತೂಗುಕುಂಡದಲ್ಲಿಟ್ಟು ಬೆಕ್ಕಿಗೆ ಎಟುಕದಂತೆ ಬೆಳೆಸಿದವರು ಇದ್ದೀರಾ, ಅಥವಾ ಅವನ್ನು ಬಿಟ್ಟು ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್‌ನಂಥ ವಿಷವಿಲ್ಲದ ಗಿಡಗಳನ್ನು ಬೆಳೆಸುವುದೇ ಮೇಲೇ?

ಗಿಡ ತಿಂದಿರುವ ಅನುಮಾನ ಬಂದರೆ ಮನೆಯಲ್ಲೇ ವಾಂತಿ ಮಾಡಿಸಲು ಹೋಗದೆ, ಆ ಗಿಡದ ತುಂಡಿನೊಂದಿಗೆ ತಕ್ಷಣ ಪಶುವೈದ್ಯರ ಬಳಿ ಹೋಗಬೇಕೆಂಬುದು ಗೊತ್ತಿದೆ. ಆದರೆ ರಜಾದಿನದ ರಾತ್ರಿಗಳಿಗಾಗಿ ನೀವು ಮೊದಲೇ ಯಾವ ಏರ್ಪಾಡು ಮಾಡಿಕೊಂಡಿರುತ್ತೀರಿ? ಹೂ ತರುವ ಅತಿಥಿಗಳಿಗೆ ಬೇಸರವಾಗದಂತೆ ಈ ವಿಷಯವನ್ನು ಮುಂಚಿತವಾಗಿ ಹೇಗೆ ತಿಳಿಸುತ್ತೀರಿ ಎಂಬುದನ್ನೂ ದಯವಿಟ್ಟು ಬರೆಯಿರಿ.